ಬೈಕಿನವರಿಗೆ ಕ್ರಿಟಿಕಲ್ ಇಲ್‌ನೆಸ್ (ಗಂಭೀರ ಕಾಯಿಲೆ) ಪಾಲಿಸಿ ಬೇಕಾ? ಕಾಸರಗೋಡು, ಮಂಜೇಶ್ವರ ಕಡೆಯವರು ಹೇಳಿ

ಬಾಯಾರಿನವ:
ಎಲ್ಲರಿಗೂ ನಮಸ್ಕಾರ. ಊರು ಬಾಯಾರು, ವಯಸ್ಸು 33, ಕೆಲಸ ಮಂಗಳೂರಿನಲ್ಲಿ. ದಿನಾ ಬೈಕಿನಲ್ಲೇ ಹೋಗಿ ಬರುವುದು. ಉಪ್ಪಳಕ್ಕೆ ಇಳಿದು ಹೈವೇ ಹಿಡಿದು ತಲಪಾಡಿ ದಾಟಿ ಹೋಗ್ತೇನೆ. ಮಳೆಗಾಲದಲ್ಲಿ ಈ ದಾರಿಯಲ್ಲಿ ಬೈಕ್ ಓಡಿಸುವುದು ಹೇಗೆ ಅಂತ ಇಲ್ಲಿಯವರಿಗೆ ಬೇರೆ ಹೇಳುವುದು ಬೇಡ.

ಮೊನ್ನೆ ಬ್ಯಾಂಕಿಗೆ ಹೋದಾಗ ಅಲ್ಲಿಯ ಒಬ್ಬರು ಕೂರಿಸಿ, "ನೀವು ಬೈಕಿನಲ್ಲಿ ಓಡಾಡುವವರು, ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಬೇಕೇ ಬೇಕು, ಏನಾದ್ರೂ ಆದ್ರೆ 10 ಲಕ್ಷ ಒಟ್ಟಿಗೆ ಕೈಗೆ ಬರ್ತದೆ" ಅಂದರು. ಮನೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಸಣ್ಣ ಮಗು ಇದ್ದಾರೆ. ಸಂಬಳ ತರುವವ ನಾನೊಬ್ಬನೇ. ಕಂಪನಿ ಕೊಟ್ಟ 3 ಲಕ್ಷದ ಆರೋಗ್ಯ ವಿಮೆ ಉಂಟು. ಬೈಕಿನ ಇನ್ಶೂರೆನ್ಸ್ ಉಂಟು, ಬೈಕು ಅಪ್ಪನ ಹೆಸರಿನಲ್ಲಿ. ಈ ಪಾಲಿಸಿ ತೆಗೊಳ್ಳುವುದಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ನೀರ್ಚಾಲು ಕ್ಲೇಮ್ ಡೆಸ್ಕ್:
ನಾನು ಮಂಗಳೂರಿನ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಕೌಂಟರಿನಲ್ಲಿ ಇರುವವ. ಬೈಕಿನಿಂದ ಬಿದ್ದು ಬಂದವರ ಮನೆಯವರು "ನಮಗೆ ದೊಡ್ಡ ಪಾಲಿಸಿ ಉಂಟು" ಅಂತ ಧೈರ್ಯದಲ್ಲಿ ಕಾಗದ ತೋರಿಸುವುದು, ಅದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಅಂತ ನೋಡಿದಾಗ ನಮಗೆ ಹೇಳಲಿಕ್ಕೆ ಬಾಯಿ ಬಾರದೆ ಇರುವುದು, ಇದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಆ ಪಾಲಿಸಿ ಆಸ್ಪತ್ರೆ ಬಿಲ್ಲು ಕಟ್ಟುವುದಲ್ಲ. ಪಟ್ಟಿಯಲ್ಲಿ ಇರುವ ಒಂದು ಕಾಯಿಲೆ, ಅಲ್ಲಿ ಬರೆದಷ್ಟೇ ತೀವ್ರತೆಯಲ್ಲಿ ಬಂದರೆ ಇಡೀ ಮೊತ್ತ ಒಟ್ಟಿಗೆ ಕೊಡ್ತದೆ. ಬಿಲ್ಲು ಎಷ್ಟಾಯಿತು ಅಂತ ಕೇಳುವುದಿಲ್ಲ. ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಬೈಪಾಸ್, ಪಾರ್ಶ್ವವಾಯು, ಡಯಾಲಿಸಿಸ್ ಬೇಕಾಗುವ ಕಿಡ್ನಿ ವೈಫಲ್ಯ, ಅಂಗಾಂಗ ಕಸಿ, ಇಂಥವು ಅದರ ಮುಖ್ಯ ಪಟ್ಟಿ. ಇವುಗಳ ವ್ಯಾಖ್ಯೆಯನ್ನು ಐಆರ್‌ಡಿಎಐ (ವಿಮಾ ಕಂಪನಿಗಳನ್ನು ನಿಯಂತ್ರಿಸುವ ಪ್ರಾಧಿಕಾರ) ಎಲ್ಲ ಕಂಪನಿಗಳಿಗೂ ಒಂದೇ ಥರ ಮಾಡಿ ಇಟ್ಟಿದೆ. ಕಂಪನಿ ಬದಲಾದರೆ ಕಾಯಿಲೆಗಳ ಸಂಖ್ಯೆ ಬದಲಾಗಬಹುದು, ಈ ಮುಖ್ಯ ಕಾಯಿಲೆಗಳ ಶರತ್ತು ಹೆಚ್ಚುಕಡಿಮೆ ಅದೇ.

ಈಗ ಬೈಕಿಗೆ ಸಂಬಂಧಪಟ್ಟದ್ದು. ಅಪಘಾತದಿಂದ ಆಗಬಹುದಾದ ಕೆಲವು ಸ್ಥಿತಿಗಳೂ ಆ ವ್ಯಾಖ್ಯೆಗಳಲ್ಲಿ ಉಂಟು. ಕೋಮಾ, ಕೈಕಾಲುಗಳ ಶಾಶ್ವತ ಲಕ್ವ, ತಲೆಗೆ ಬಿದ್ದ ದೊಡ್ಡ ಪೆಟ್ಟು, ಕೈಕಾಲು ಕಳೆದುಕೊಳ್ಳುವುದು, ಸುಟ್ಟ ಗಾಯ. ಬ್ಯಾಂಕಿನವರು ಹೇಳಿದ್ದು ಇದನ್ನೇ ಹಿಡಿದುಕೊಂಡು ಇರಬೇಕು. ಆದರೆ ಶರತ್ತು ನೋಡಿ.

ಕೋಮಾ ಅಂದರೆ ಜೀವರಕ್ಷಕ ಯಂತ್ರದ ನೆರವಿನಲ್ಲಿ, ಹೊರಗಿನ ಯಾವುದಕ್ಕೂ ಪ್ರತಿಕ್ರಿಯೆ ಇಲ್ಲದೆ, ಎಡೆಬಿಡದೆ ಕನಿಷ್ಠ 96 ಗಂಟೆ ಇರಬೇಕು. ಮತ್ತೆ 30 ದಿವಸ ಕಳೆದ ಮೇಲೂ ನರಮಂಡಲಕ್ಕೆ ಶಾಶ್ವತ ಹಾನಿ ಆಗಿದೆ ಅಂತ ವೈದ್ಯರು ಹೇಳಬೇಕು. ಐಸಿಯುನಲ್ಲಿ ಮೂರು ದಿವಸ ಪ್ರಜ್ಞೆ ಇಲ್ಲದೆ ಇದ್ದು ಎದ್ದು ಕೂತರೆ (ದೇವರ ದಯೆಯಿಂದ ಹೆಚ್ಚಿನವರು ಏಳುತ್ತಾರೆ) ಅದು ಆ ಲೆಕ್ಕಕ್ಕೆ ಬರುವುದಿಲ್ಲ.

ತಲೆಯ ಪೆಟ್ಟಾದರೆ ಅಪಘಾತವಾಗಿ 3 ತಿಂಗಳು ಕಳೆಯುವ ಮೊದಲು ನಿರ್ಧರಿಸುವ ಹಾಗೇ ಇಲ್ಲ. ಸ್ನಾನ, ಬಟ್ಟೆ ಹಾಕುವುದು, ಹಾಸಿಗೆಯಿಂದ ಕುರ್ಚಿಗೆ ಬರುವುದು, ಮನೆಯೊಳಗೆ ನಡೆಯುವುದು, ಶೌಚ, ಊಟ ಈ 6ರಲ್ಲಿ ಕನಿಷ್ಠ 3 ಸ್ವಂತ ಮಾಡಲಿಕ್ಕೆ ಆಗದ ಸ್ಥಿತಿ ಇರಬೇಕು. ಲಕ್ವವಾದರೆ ಎರಡು ಅಥವಾ ಹೆಚ್ಚು ಕೈಕಾಲು, 3 ತಿಂಗಳಿಗಿಂತ ಹೆಚ್ಚು, ಗುಣವಾಗುವ ಆಸೆ ಇಲ್ಲ ಅಂತ ತಜ್ಞರ ಬರಹ. ಕೈಕಾಲು ಹೋದದ್ದಾದರೆ ಅಲ್ಲಿಯೂ ಎರಡು, ಮಣಿಕಟ್ಟಿನಲ್ಲಿ ಅಥವಾ ಹರಡಿಗಂಟಿನಲ್ಲಿ, ಇಲ್ಲವೇ ಅದಕ್ಕಿಂತ ಮೇಲೆ ತುಂಡಾಗಿರಬೇಕು. ಸುಟ್ಟ ಗಾಯವಾದರೆ ದೇಹದ ಕನಿಷ್ಠ 20 ಶೇಕಡ ಭಾಗ, ಅದೂ ಮೂರನೇ ದರ್ಜೆಯದ್ದು.

ಬೈಕಿನಿಂದ ಬಿದ್ದವರಿಗೆ ಸಾಧಾರಣ ಆಗುವುದು ಎಂತ? ಮೊಣಕಾಲಿನ ಕೆಳಗಿನ ಎಲುಬು ಮುರಿಯುವುದು, ಹೆಗಲೆಲುಬು, ಮಣಿಕಟ್ಟು, ದವಡೆ. ರಾಡ್ ಹಾಕಿ ತಿಂಗಳುಗಟ್ಟಲೆ ಮನೆಯಲ್ಲಿ. ಇದಕ್ಕೆ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಯಿಂದ ಒಂದು ರೂಪಾಯಿ ಇಲ್ಲ. ಒಂದು ಪಾದವೇ ಹೋದರೂ ಇಲ್ಲ.

ಮತ್ತೊಂದು, ಇದನ್ನು ಯಾರೂ ಹೇಳುವುದಿಲ್ಲ. ಈ ಪಾಲಿಸಿಗಳಲ್ಲಿ ಬದುಕಿ ಉಳಿಯಬೇಕಾದ ಅವಧಿ ಅಂತ ಒಂದು ಉಂಟು, ಸಾಮಾನ್ಯವಾಗಿ 30 ದಿವಸ, ಕೆಲವದರಲ್ಲಿ ಕಮ್ಮಿ. ಅಷ್ಟರ ಒಳಗೆ ತೀರಿಹೋದರೆ ಮನೆಯವರಿಗೆ ಏನೂ ಬರುವುದಿಲ್ಲ. ಮನೆಗೆ ನೀವೊಬ್ಬರೇ ಆಧಾರ ಅಂತ ಬರೆದಿದ್ದೀರಿ, ಅದಕ್ಕೇ ಇದನ್ನು ಎತ್ತಿ ಹೇಳ್ತಾ ಇದ್ದೇನೆ.

ಮುಳ್ಳೇರಿಯ ನರ್ಸಕ್ಕ:
ನೀರ್ಚಾಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಆರ್ಥೋ ವಾರ್ಡಿನಲ್ಲಿ ಇದ್ದವಳು ನಾನು. ಮಳೆ ಸುರುವಾದ ಕೂಡಲೇ ಬೈಕಿನವರು ಬರ್ತಾರೆ, ಎದುರಿನಿಂದ ಯಾವ ವಾಹನವೂ ಹೊಡೆದಿರುವುದಿಲ್ಲ. ಕೆಸರಿಗೆ ಜಾರಿದ್ದು, ನಾಯಿ ಅಡ್ಡ ಬಂದದ್ದು, ನೀರು ತುಂಬಿದ ಹೊಂಡ ಕಾಣದೆ ಇಳಿದದ್ದು. ಎದುರು ಪಾರ್ಟಿ ಇಲ್ಲದೆ ಬಿದ್ದವರಿಗೆ ಬೇರೆ ಯಾರ ಇನ್ಶೂರೆನ್ಸಿನಿಂದಲೂ ದುಡ್ಡು ಬರುವುದಿಲ್ಲ ಅಲ್ವಾ? ಅಂಥವರ ಹೆಂಡತಿ ಹೊರಗೆ ಬೆಂಚಿನಲ್ಲಿ ಕೂತು ಫೋನಿನಲ್ಲಿ ಸಾಲ ಕೇಳುವುದನ್ನು ನೋಡಿ ನೋಡಿ ನನಗೆ ಈ ವಿಷಯದಲ್ಲಿ ಸುಮ್ಮನೆ ಇರಲಿಕ್ಕೆ ಆಗುವುದಿಲ್ಲ.

ಹೆಲ್ಮೆಟ್ಟಿನ ಬಗ್ಗೆಯೂ ಒಂದು ಮಾತು. ಐಎಸ್‌ಐ ಗುರುತು ಇರುವುದು, ಗಲ್ಲದ ಪಟ್ಟಿ ಬಿಗಿದದ್ದು. ಹಿಂದೆ ಕೂತವರಿಗೂ. ಪಟ್ಟಿ ಹಾಕದ ಹೆಲ್ಮೆಟ್ ಬೀಳುವಾಗ ತಲೆಗಿಂತ ಮೊದಲು ಹಾರಿ ಹೋಗ್ತದೆ.

ನೀರ್ಚಾಲು ಕ್ಲೇಮ್ ಡೆಸ್ಕ್:
ಹೌದು ಅಕ್ಕ. ಸ್ವಂತ ಜಾರಿ ಬಿದ್ದದ್ದಕ್ಕೆ ಥರ್ಡ್ ಪಾರ್ಟಿ ಇನ್ಶೂರೆನ್ಸಿನಲ್ಲಿ ಏನೂ ಇಲ್ಲ, ಹೆಸರೇ ಹೇಳ್ತದೆ, ಅದು ನಮ್ಮ ಬೈಕಿನಿಂದ ಬೇರೆಯವರಿಗೆ ಆದ ನಷ್ಟಕ್ಕೆ. ಅಲ್ಲಿ ಇರುವುದು ಪರ್ಸನಲ್ ಆಕ್ಸಿಡೆಂಟ್ (ಸ್ವಂತ ಅಪಘಾತ ವಿಮೆ) ಒಂದೇ. ಬಾಯಾರಿನವರೇ, ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆದರಿಕೆ ಆದದ್ದು ಬೈಕು ಅಪ್ಪನ ಹೆಸರಿನಲ್ಲಿ ಅಂದದ್ದು.

ಬೈಕಿನ ಪಾಲಿಸಿಯ ಒಟ್ಟಿಗೆ ಕಡ್ಡಾಯವಾಗಿ ಬರುವ 15 ಲಕ್ಷದ ಅಪಘಾತ ವಿಮೆ ಉಂಟಲ್ಲ, 2018ರಲ್ಲಿ ಮೊತ್ತ ಅಷ್ಟಕ್ಕೆ ಏರಿಸಿದ್ದು, ಅದು ಮಾಲಕನೇ ಚಾಲಕನಾಗಿರುವಾಗ ಮಾತ್ರ. ಆರ್‌ಸಿ ಅಪ್ಪನದ್ದು, ಓಡಿಸುವುದು ಮಗ ಅಂದರೆ ಮಗನಿಗೆ ಆ 15 ಲಕ್ಷ ಇಲ್ಲ. ನಮ್ಮ ಊರಿನ ಅರ್ಧ ಮನೆಗಳಲ್ಲಿ ಕಥೆ ಹೀಗೇ ಇರಬಹುದು. ಮಾಲಕನೇ ಓಡಿಸಿದರೂ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು, ಕುಡಿದು ಓಡಿಸಿರಬಾರದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಪೂರ್ತಿ ಮೊತ್ತ, ಒಂದು ಕೈ ಅಥವಾ ಕಾಲು ಅಥವಾ ಕಣ್ಣಿಗೆ ಅರ್ಧ. ಕಾಲು ಮುರಿದು ಗುಣವಾದರೆ ಅದರಲ್ಲೂ ಏನಿಲ್ಲ.

ಇನ್ನೊಂದು ಪರೀಕ್ಷೆ ಮಾಡಿ ನೋಡಿ. 2018ರ ಸೆಪ್ಟೆಂಬರಿನಿಂದ ಹೊಸ ಬೈಕಿಗೆ ಥರ್ಡ್ ಪಾರ್ಟಿ ಒಟ್ಟಿಗೇ 5 ವರ್ಷಕ್ಕೆ ಮಾಡಿಸಬೇಕು. ಆದರೆ ಈ 15 ಲಕ್ಷದ್ದನ್ನು ಕೆಲವರು 1 ವರ್ಷಕ್ಕೆ ಮಾತ್ರ ತೆಗೆದಿರುತ್ತಾರೆ. ಪಾಲಿಸಿಯ ಮೇಲೆ 5 ವರ್ಷ ಅಂತ ಕಂಡು ಎಲ್ಲ ಇದೆ ಅಂದುಕೊಂಡು ಓಡಿಸುತ್ತಾ ಇರ್ತಾರೆ. ತಾರೀಕು ಎರಡೂ ಬೇರೆ ಬೇರೆ ಬರೆದಿರ್ತದೆ, ಇವತ್ತೇ ನೋಡಿ.

ಎಡನೀರು:
ನನ್ನ ತಮ್ಮನಿಗೆ ಆದದ್ದು ಹೇಳ್ತೇನೆ. ಚೆರ್ಕಳದಿಂದ ಬರುವಾಗ ತಿರುವಿನಲ್ಲಿ ಜಾರಿ ಕಾಲಿನ ಎಲುಬು ಎರಡು ಕಡೆ ಮುರಿಯಿತು. ಅವನ ಹತ್ತಿರ ಗಂಭೀರ ಕಾಯಿಲೆಯ ಪಾಲಿಸಿ ಇತ್ತು, ಆರೋಗ್ಯ ವಿಮೆ ಇರಲಿಲ್ಲ. ಮಾರಿದವರು ಎರಡೂ ಒಂದೇ ಅನ್ನುವ ಹಾಗೆ ಹೇಳಿದ್ದರು. ಕಂಪನಿ ಇಲ್ಲ ಅಂದಿತು. ಪಾಲಿಸಿ ಪುಸ್ತಕ ಓದಿದರೆ ಕಂಪನಿ ಹೇಳಿದ್ದು ಸರಿಯೇ, ಮಾರಿದವರು ಹೇಳಿದ್ದು ತಪ್ಪು. ಆಪರೇಶನ್ನಿಗೆ ಅಮ್ಮನ ಚಿನ್ನ ಅಡವಿಟ್ಟದ್ದು. ಅವನಿಗೆ ಬೇಸಾಯದ ಕೆಲಸ, ಒಂದು ಹಂಗಾಮು ಪೂರ್ತಿ ಹೋಯಿತು. ಬಾಯಾರಿನವರು ಮೊದಲೇ ಕೇಳಿದ್ದು ಒಳ್ಳೆಯದಾಯಿತು.

ಪೆರ್ಲ ಅಡಿಕೆ ತೋಟ:
ನೀವೆಲ್ಲ ಆ ಪಾಲಿಸಿಯೇ ಬೇಡ ಅನ್ನುವ ಹಾಗೆ ಬರೆಯುತ್ತಿದ್ದೀರಿ. ನಾನು ಒಪ್ಪುವುದಿಲ್ಲ.

ನನ್ನ ಭಾವನಿಗೆ 44ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಯಿತು. ಬೀಡಿ ಇಲ್ಲ, ಕುಡಿತ ಇಲ್ಲ. ಆರೋಗ್ಯ ವಿಮೆ ಬಿಲ್ಲು ಕಟ್ಟಿತು ನಿಜ. ಆದರೆ ಆಮೇಲೆ ಮರ ಹತ್ತುವವರ ಸಂಬಳ, ಮದ್ದು ಬಿಡುವವರ ಸಂಬಳ, ಮಗಳ ಫೀಸು, ತಪಾಸಣೆಗೆ ಮಂಗಳೂರಿಗೆ ಕಾರು ಮಾಡಿಕೊಂಡು ಹೋಗಿ ಬರುವ ಖರ್ಚು, ಇದನ್ನು ಯಾವ ಆರೋಗ್ಯ ವಿಮೆ ಕೊಡ್ತದೆ? ಒಟ್ಟಿಗೆ ಬಂದ ಮೊತ್ತದಿಂದಲೇ ಆ ವರ್ಷ ತೋಟ ಉಳಿಯಿತು. 33 ವಯಸ್ಸಿನಲ್ಲಿ ತೆಗೆದರೆ ಪ್ರೀಮಿಯಂ ಕಮ್ಮಿ, ಬಿಪಿ ಶುಗರ್ ಬಂದ ಮೇಲೆ ಕೇಳಿದರೆ ಕೊಡುವುದೇ ಇಲ್ಲ, ಕೊಟ್ಟರೂ ಹೆಚ್ಚು ಕೇಳ್ತಾರೆ. ಬೈಕಿನವ ಅಂತ ಬೇಡ, ಮನುಷ್ಯ ಅಂತ ತೆಗೆಯಿರಿ.

ನೀರ್ಚಾಲು ಕ್ಲೇಮ್ ಡೆಸ್ಕ್:
ಪೆರ್ಲದ ಅಣ್ಣ, ನಿಮ್ಮ ಮಾತಿಗೆ ನನ್ನ ವಿರೋಧ ಇಲ್ಲ. ಕಾಯಿಲೆಗೆ ಅಂತ ತೆಗೆದರೆ ಅದು ಒಳ್ಳೆಯ ಪಾಲಿಸಿ. ಬೈಕ್ ಅಪಘಾತಕ್ಕೆ ಅಂತ ಮಾರುವುದು ಮಾತ್ರ ತಪ್ಪು. ದುಡ್ಡು ಮಿತವಾಗಿ ಇರುವವನಿಗೆ ಮೊದಲು ಆರೋಗ್ಯ ವಿಮೆ, ಮತ್ತೆ ಅಪಘಾತ ವಿಮೆ ಮತ್ತು ಟರ್ಮ್ (ತೀರಿಹೋದರೆ ಮನೆಯವರಿಗೆ ದುಡ್ಡು ಬರುವ ಜೀವ ವಿಮೆ), ಅದಾದ ಮೇಲೆ ಕ್ರಿಟಿಕಲ್ ಇಲ್‌ನೆಸ್. ನನ್ನ ಅಭಿಪ್ರಾಯ ಇಷ್ಟು. ಹೊಸ ಆರೋಗ್ಯ ವಿಮೆಯಲ್ಲಿ ಕಾಯಿಲೆಗೆ ಮೊದಲ 30 ದಿವಸ ಕಾಯಬೇಕು, ಅಪಘಾತಕ್ಕೆ ಆ ಕಾಯುವಿಕೆ ಇಲ್ಲ, ಮೊದಲ ದಿವಸವೇ ಸಿಗ್ತದೆ. ಕ್ರಿಟಿಕಲ್ ಇಲ್‌ನೆಸ್‌ನಲ್ಲಿ ಸಾಮಾನ್ಯವಾಗಿ 90 ದಿವಸ ಕಾಯಬೇಕು.

ಕಂಪನಿ ಕೊಟ್ಟ 3 ಲಕ್ಷ ಕೆಲಸ ಬಿಟ್ಟ ದಿವಸ ಹೋಗ್ತದೆ. ತಲೆಗೆ ಪೆಟ್ಟಾಗಿ ಐಸಿಯು ಹಿಡಿದರೆ 3 ಲಕ್ಷ ಎಲ್ಲಿಗೂ ಸಾಲುವುದಿಲ್ಲ. ಸ್ವಂತ ಒಂದು ಬೇಕು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೂ ಜೀವ ವಿಮೆಗೂ ಇದ್ದ 18 ಶೇಕಡ ಜಿಎಸ್‌ಟಿ ತೆಗೆದಿದ್ದಾರೆ, ಅಷ್ಟಾದರೂ ಹಗುರ.

ಅಪಘಾತ ವಿಮೆ ಬೇರೆಯೇ ತೆಗೆಯುವುದಾದರೆ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ 'ಸರಳ ಸುರಕ್ಷಾ ಬಿಮಾ' ಅಂತ ಒಂದೇ ನಮೂನೆಯ ಪಾಲಿಸಿ 2021ರಿಂದ ಉಂಟು. ಎರಡೂವರೆ ಲಕ್ಷದಿಂದ 1 ಕೋಟಿವರೆಗೆ. ಸಾವು, ಶಾಶ್ವತ ಪೂರ್ಣ ಅಂಗವೈಕಲ್ಯ, ಶಾಶ್ವತ ಭಾಗಶಃ ಅಂಗವೈಕಲ್ಯ ಅದರಲ್ಲೇ ಬರ್ತದೆ. ಬೇಕಾದರೆ ತಾತ್ಕಾಲಿಕ ಪೂರ್ಣ ಅಶಕ್ತತೆ ಅಂತ ಸೇರಿಸಿಕೊಳ್ಳಬಹುದು. ಎಡನೀರಿನವರ ತಮ್ಮನಂತೆ ಕಾಲು ಮುರಿದು ಕೆಲಸಕ್ಕೆ ಹೋಗಲಾಗದೆ ಮನೆಯಲ್ಲಿ ಕೂತವರಿಗೆ ವಾರ ವಾರ ಒಂದು ಮೊತ್ತ ಸಿಗುವುದು ಅದರಲ್ಲಿ. ಬೈಕಿನವರು ಇದನ್ನು ಬಿಡಲೇಬಾರದು. ಯಾರ ಬೈಕು ಓಡಿಸಿದರೂ, ಹಿಂದೆ ಕೂತರೂ, ಬಸ್ಸಿನಿಂದ ಬಿದ್ದರೂ, ತೆಂಗಿನಕಾಯಿ ತಲೆಗೆ ಬಿದ್ದರೂ ಈ ಪಾಲಿಸಿ ನಿಮ್ಮ ಒಟ್ಟಿಗೆ ಬರ್ತದೆ.

ಇದೆಲ್ಲ ಮಾಡಿಸಲಿಕ್ಕೆ ಆಗದವರು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗಾದರೂ ಸಹಿ ಹಾಕಿ. 18ರಿಂದ 70 ವಯಸ್ಸಿನವರಿಗೆ, ಅಪಘಾತದಲ್ಲಿ ತೀರಿಹೋದರೆ 2 ಲಕ್ಷ, ಒಂದು ಕೈ, ಕಾಲು ಅಥವಾ ಕಣ್ಣು ಹೋದರೆ 1 ಲಕ್ಷ. ಮೇ ತಿಂಗಳ ಕೊನೆಗೆ ಖಾತೆಯಲ್ಲಿ ದುಡ್ಡು ಇರಲಿ, ಜೂನ್ 1ಕ್ಕೆ ಅದು ಹೊಸ ವರ್ಷ.

ವಿದ್ಯಾನಗರ ಡೆಲಿವರಿ:
ಅಣ್ಣ ನಾನು ಕಾಸರಗೋಡು ಪೇಟೆಯಲ್ಲಿ ಊಟ ಡೆಲಿವರಿ ಮಾಡುವವ. ಫಾರ್ಮಿನಲ್ಲಿ ಕೆಲಸ ಎಂತ ಅಂತ ಬರೆಯುವುದು? ಏಜೆಂಟ್ ಹೇಳಿದ್ದು ಸ್ವಂತ ವ್ಯಾಪಾರ ಅಂತ ಹಾಕಿ, ಪ್ರೀಮಿಯಂ ಕಮ್ಮಿ ಆಗ್ತದೆ ಅಂತ.

ನೀರ್ಚಾಲು ಕ್ಲೇಮ್ ಡೆಸ್ಕ್:
ಖಂಡಿತ ಬೇಡ ತಮ್ಮ. ಬೈಕಿನಲ್ಲಿ ಡೆಲಿವರಿ ಅಂತಲೇ ಬರೆ. ಅಪಘಾತ ವಿಮೆಯ ದರ ನಿಲ್ಲುವುದೇ ಉದ್ಯೋಗದ ಮೇಲೆ. ಸುಳ್ಳು ಬರೆದರೆ ಕ್ಲೇಮ್ ತಿರಸ್ಕರಿಸಲಿಕ್ಕೆ ನಾವೇ ಅವರ ಕೈಗೆ ಕಾರಣ ಕೊಟ್ಟ ಹಾಗೆ. ಇನ್ನೊಂದು, ಖಾಸಗಿ ಬೈಕಿನ ಪಾಲಿಸಿಯಲ್ಲಿ ಬಾಡಿಗೆಗೆ ಓಡಿಸುವುದು, ಸಾಮಾನು ಸಾಗಿಸುವುದು, ರೇಸ್ ಇದೆಲ್ಲ ಹೊರಗೆ ಅಂತ ಬರೆದಿರ್ತದೆ. ನಿನ್ನ ಡೆಲಿವರಿ ಕಂಪನಿ ರೈಡರುಗಳಿಗೆ ಅಪಘಾತ ವಿಮೆ ಮಾಡಿಸಿದೆಯಾ, ಎಷ್ಟಕ್ಕೆ, ಆ್ಯಪ್ ಆನ್ ಇದ್ದಾಗ ಮಾತ್ರವಾ, ಬರವಣಿಗೆಯಲ್ಲಿ ಕೇಳಿ ಇಟ್ಟುಕೊ. ಸ್ವಂತದ್ದೂ ಒಂದು ಇರಲಿ.

ಕುಂಬಳೆ ಮಾಷ್ಟ್ರು:
ಚರ್ಚೆ ಉಪಯುಕ್ತವಾಗಿದೆ. ನನಗೆ 51, ಸ್ಕೂಟರಿನಲ್ಲಿ ಶಾಲೆಗೆ ಹೋಗುವವನು, ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎರಡು ಪ್ರಶ್ನೆ. ಒಂದು, ಮಾತ್ರೆಯ ವಿಷಯ ತಿಳಿಸಿದರೆ ಅರ್ಜಿ ತಿರಸ್ಕಾರವಾಗುತ್ತದೆ ಎಂಬ ಭಯ ಅನೇಕರಲ್ಲಿದೆ, ನಿಜವೇ? ಎರಡು, ಪಾಲಿಸಿ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ. ನಮ್ಮ ಕಡೆ ಇಂಗ್ಲಿಷ್ ಬಾರದ ಹಿರಿಯರಿಗೆ ಮಲಯಾಳ ಓದಲೂ ಬರುವುದಿಲ್ಲ. ಅವರು ಶರತ್ತು ತಿಳಿಯುವುದು ಹೇಗೆ?

ನೀರ್ಚಾಲು ಕ್ಲೇಮ್ ಡೆಸ್ಕ್:
ಮಾಷ್ಟ್ರೇ, ಮಾತ್ರೆಯ ಹೆಸರು, ಎಷ್ಟು ವರ್ಷದಿಂದ ಅಂತ ಸಮೇತ ಬರೆಯಿರಿ. ತಿರಸ್ಕರಿಸಿದರೆ ಬೇರೆ ಕಂಪನಿ ನೋಡಬಹುದು. ಮುಚ್ಚಿಟ್ಟು ಹಾರ್ಟ್ ಅಟ್ಯಾಕ್ ಆದ ಮೇಲೆ ಹಳೆಯ ಚೀಟಿ ಹೊರಬಿದ್ದರೆ ಕಟ್ಟಿದ್ದೆಲ್ಲ ನೀರಿಗೆ. ಮೊದಲೇ ಇದ್ದ ಕಾಯಿಲೆಗೆ ಕಾಯಿಸುವ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು, ಮೊದಲು 48 ಇತ್ತು. 60 ತಿಂಗಳು ಎಡೆಬಿಡದೆ ಕಟ್ಟಿದ ಮೇಲೆ, ವಂಚನೆ ಅಂತ ಸಾಬೀತು ಮಾಡದೆ, ಹೇಳಲಿಲ್ಲ ಅನ್ನುವ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ.

ಭಾಷೆಯ ವಿಷಯ ಕೇಳಿದ್ದು ಬಹಳ ಒಳ್ಳೆಯದಾಯಿತು. ಆರೋಗ್ಯ ಪಾಲಿಸಿಯ ಒಟ್ಟಿಗೆ ಗ್ರಾಹಕ ಮಾಹಿತಿ ಪತ್ರ ಅಂತ ಚಿಕ್ಕದೊಂದು ಕೊಡಬೇಕು. ಏನು ಸಿಗ್ತದೆ, ಏನು ಸಿಗುವುದಿಲ್ಲ, ಎಷ್ಟು ಕಾಯಬೇಕು, ದೂರು ಎಲ್ಲಿ, ಎಲ್ಲ ಅದರಲ್ಲಿ ಇರ್ತದೆ. 2024ರ ಜನವರಿ 1ರಿಂದ ಇದರ ಹೊಸ ನಮೂನೆ ಬಂದಿದೆ, ಗ್ರಾಹಕ ಕೇಳಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕು ಅಂತಲೂ ಐಆರ್‌ಡಿಎಐ ಹೇಳಿದೆ. ಕೇರಳದ ವಿಳಾಸ ನೋಡಿ ಮಲಯಾಳದ್ದು ಕಳಿಸಿದರೆ ಬಿಡಬೇಡಿ, ಕನ್ನಡದ್ದು ಬೇಕು ಅಂತ ಇಮೇಲ್ ಹಾಕಿ ಕೇಳಿ. ಕರ್ನಾಟಕಕ್ಕಾಗಿ ಹೇಗೂ ಕನ್ನಡದಲ್ಲಿ ಮಾಡಬೇಕಲ್ಲ, ನಮಗೆ ಕೊಡಲಿಕ್ಕೆ ಕಷ್ಟ ಎಂತದು? ಪಾಲಿಸಿ ಕೈಗೆ ಬಂದು 30 ದಿವಸದ ಒಳಗೆ ಬೇಡ ಅನಿಸಿದರೆ ಹಿಂದೆ ಕೊಡಬಹುದು, ಅಷ್ಟರ ಒಳಗೆ ಓದಿ ಮುಗಿಸಿ.

ಮುಳ್ಳೇರಿಯ ನರ್ಸಕ್ಕ:
ಗಡಿಯವರು ಆಸ್ಪತ್ರೆ ಪಟ್ಟಿಯನ್ನೂ ನೋಡಿ. ದೊಡ್ಡ ಪೆಟ್ಟಾದರೆ ನಮಗೆ ಮಂಗಳೂರೇ ಗತಿ, ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಹೆಸರು ಹೇಳುತ್ತಲೇ ವರ್ಷಗಳು ಹೋದವು. ಆದರೆ 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರು ಮುಟ್ಟಲಾಗದೆ ಜನ ಸತ್ತದ್ದನ್ನು ನಾವು ಮರೆಯಲಿಕ್ಕೆ ಉಂಟಾ? ಮಂಗಳೂರಿನಲ್ಲೂ ಬೇಕು, ಕಾಸರಗೋಡು ಕಣ್ಣೂರು ಕಡೆಯಲ್ಲೂ ಬೇಕು. ಪಾಲಿಸಿ ಕೇರಳದ್ದು, ಆಸ್ಪತ್ರೆ ಕರ್ನಾಟಕದ್ದು ಅಂತ ಕ್ಯಾಶ್‌ಲೆಸ್‌ಗೆ (ಬಿಲ್ಲು ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದಕ್ಕೆ) ತೊಂದರೆ ಬರ್ತದಾ ಅಣ್ಣ?

ನೀರ್ಚಾಲು ಕ್ಲೇಮ್ ಡೆಸ್ಕ್:
ರಾಜ್ಯ ಬೇರೆ ಅಂತ ತೊಂದರೆ ಇಲ್ಲ ಅಕ್ಕ, ಆಸ್ಪತ್ರೆ ಆ ಕಂಪನಿಯ ಜಾಲದಲ್ಲಿ ಇದ್ದರಾಯಿತು. ಜಾಲದಲ್ಲಿ ಇಲ್ಲದಿದ್ದರೂ 2024ರ ಜನವರಿಯಿಂದ ಎಲ್ಲ ಕಡೆ ಕ್ಯಾಶ್‌ಲೆಸ್ ಅಂತ ವ್ಯವಸ್ಥೆ ಬಂದಿದೆ. ತುರ್ತಾಗಿ ಸೇರಿಸಿದರೆ 48 ಗಂಟೆಯ ಒಳಗೆ ಕಂಪನಿಗೆ ತಿಳಿಸಬೇಕು, ಆಸ್ಪತ್ರೆ ಒಪ್ಪಬೇಕು. ಒಪ್ಪದಿದ್ದರೆ ದುಡ್ಡು ಕಟ್ಟಿ ಆಮೇಲೆ ಕೇಳುವುದು.

ಗಡಿಯವರಿಗೆ ತೊಂದರೆ ಬರುವುದು ಕಾಗದಪತ್ರದಲ್ಲಿ. ಬೀಳುವುದು ಹೊಸಂಗಡಿಯಲ್ಲಿ, ಚಿಕಿತ್ಸೆ ಮಂಗಳೂರಿನಲ್ಲಿ. ಆಸ್ಪತ್ರೆಯಿಂದ ಮಂಗಳೂರಿನ ಪೊಲೀಸರಿಗೆ ಮಾಹಿತಿ ಹೋಗ್ತದೆ, ಕೇಸು ಆಗಬೇಕಾದದ್ದು ಕೇರಳದ ಠಾಣೆಯಲ್ಲಿ. ಈ ಎರಡರ ನಡುವೆ ಎಫ್‌ಐಆರ್ ತಡವಾಗ್ತದೆ. ಮನೆಯವರು ಒಬ್ಬರು ಆಸ್ಪತ್ರೆಯಲ್ಲಿ ಇದ್ದರೆ ಇನ್ನೊಬ್ಬರು ಜಾಗ ಯಾವ ಠಾಣೆಗೆ ಸೇರಿದ್ದೋ ಅಲ್ಲಿಗೆ ಹೋಗಿ ದೂರು ಕೊಡಲಿ. ಹೇಗೆ ಬಿದ್ದದ್ದು ಅಂತ ಕ್ಯಾಶುಯಲ್ಟಿಯಲ್ಲಿ ಹೇಳುವ ಮೊದಲ ಮಾತು ಕೇಸ್ ಶೀಟಿನಲ್ಲಿ ಉಳಿಯುತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಬೇರೆ ವಾಹನ ಹೊಡೆದದ್ದಾದರೆ ನಿಮ್ಮ ಯಾವ ಪಾಲಿಸಿ ಇದ್ದರೂ ಇಲ್ಲದಿದ್ದರೂ ಅಪಘಾತ ಪರಿಹಾರ ಟ್ರಿಬ್ಯೂನಲ್ಲಿಗೆ ಹೋಗಬಹುದು. 6 ತಿಂಗಳ ಒಳಗೆ ಅರ್ಜಿ ಹಾಕಿಬಿಡಿ. ಹೊಡೆದು ಓಡಿಹೋದ ವಾಹನ ಸಿಗಲೇ ಇಲ್ಲದಿದ್ದರೆ ಸರಕಾರದಿಂದ ಸಾವಿಗೆ 2 ಲಕ್ಷ, ಗಂಭೀರ ಗಾಯಕ್ಕೆ 50 ಸಾವಿರ. 2025ರ ಮೇ ತಿಂಗಳಿನಿಂದ ಕೇಂದ್ರದ ಇನ್ನೊಂದು ಯೋಜನೆ ಉಂಟು. ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ 7 ದಿವಸದವರೆಗೆ ಒಂದೂವರೆ ಲಕ್ಷದಷ್ಟು ಚಿಕಿತ್ಸೆ ಉಚಿತ, ಪೊಲೀಸರ ದೃಢೀಕರಣ ಬೇಕು. ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಿ.

ಬಾಯಾರಿನವ:
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಪಾಲಿಸಿ ತೆಗೆದು ನೋಡಿದೆ. 15 ಲಕ್ಷದ್ದು ಅಪ್ಪನ ಹೆಸರಿನಲ್ಲೇ, ಅದೂ ಹೋದ ವರ್ಷವೇ ಮುಗಿದಿದೆ. ಮೊದಲು 10 ಲಕ್ಷದ ಆರೋಗ್ಯ ವಿಮೆ, ವಾರದ ಮೊತ್ತ ಸೇರಿಸಿದ ಅಪಘಾತ ವಿಮೆ, ಒಂದು ಟರ್ಮ್ ಮಾಡಿಸ್ತೇನೆ. ಪೆರ್ಲದ ಅಣ್ಣ ಹೇಳಿದ್ದೂ ಮನಸ್ಸಿಗೆ ಹೋಗಿದೆ. ಟರ್ಮ್‌ನ ಒಟ್ಟಿಗೇ ಕ್ರಿಟಿಕಲ್ ಇಲ್‌ನೆಸ್ ರೈಡರ್ (ಮುಖ್ಯ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ವಿಮೆ) ಸೇರಿಸಬಹುದು ಅಂತಾರೆ, ಅದು ಹೇಗೆ? ಮತ್ತೆ ಕ್ಲೇಮಿಗೆ ತಕರಾರು ಬಂದರೆ ನಾನು ಕೇರಳದಲ್ಲಿ ಕೇಳುವುದಾ, ಕರ್ನಾಟಕದಲ್ಲಾ?

ನೀರ್ಚಾಲು ಕ್ಲೇಮ್ ಡೆಸ್ಕ್:
ರೈಡರ್ ಎರಡು ಥರ. ಒಂದರಲ್ಲಿ ಕಾಯಿಲೆಗೆ ಕೊಟ್ಟದ್ದನ್ನು ಜೀವ ವಿಮೆಯ ಮೊತ್ತದಿಂದ ಕಳೆಯುತ್ತಾರೆ. 50 ಲಕ್ಷದ ಟರ್ಮ್, 10 ಲಕ್ಷದ ರೈಡರ್ ಅಂದರೆ ಕಾಯಿಲೆಗೆ 10 ಬಂದ ಮೇಲೆ ಮನೆಯವರಿಗೆ ಉಳಿಯುವುದು 40. ಇನ್ನೊಂದರಲ್ಲಿ ಕಳೆಯುವುದಿಲ್ಲ, ಪ್ರೀಮಿಯಂ ಸ್ವಲ್ಪ ಹೆಚ್ಚು. ನಿಮ್ಮ ಮನೆಗೆ ಎರಡನೆಯದ್ದೇ ಬೇಕು. ಆಂಜಿಯೋಪ್ಲಾಸ್ಟಿ ಸೇರಿದೆಯಾ ಅಂತಲೂ ಕೇಳಿ, ಬೈಪಾಸಿನ ವ್ಯಾಖ್ಯೆಯಲ್ಲಿ ಅದು ಬರುವುದಿಲ್ಲ.

ತಕರಾರು ಬಂದರೆ ಮೊದಲು ಕಂಪನಿಗೆ ಬರವಣಿಗೆಯಲ್ಲಿ. 30 ದಿವಸದಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿ ಅನಿಸದಿದ್ದರೆ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳಿ ತೀರ್ಮಾನಿಸುವ ಅಧಿಕಾರಿ). ನೀವು ವಾಸ ಇರುವ ಜಾಗ ಅಥವಾ ಪಾಲಿಸಿ ಕೊಟ್ಟ ಕಂಪನಿಯ ಶಾಖೆ ಇರುವ ಜಾಗ, ಯಾವುದರ ವ್ಯಾಪ್ತಿಯಲ್ಲೂ ದೂರು ಕೊಡಬಹುದು. ಬಾಯಾರಿನ ವಿಳಾಸಕ್ಕೆ ಕೊಚ್ಚಿ, ಮಂಗಳೂರಿನ ಶಾಖೆಯಿಂದ ತೆಗೆದದ್ದಾದರೆ ಬೆಂಗಳೂರು. 50 ಲಕ್ಷದವರೆಗಿನ ಪ್ರಕರಣ, ವಕೀಲರು ಬೇಡ, ಶುಲ್ಕ ಇಲ್ಲ. ಕಂಪನಿ ಇಲ್ಲ ಅಂದ ಮೇಲೆ ಒಂದು ವರ್ಷದ ಒಳಗೆ ಹೋಗಬೇಕು. ಐಆರ್‌ಡಿಎಐ ದೂರು ಸಂಖ್ಯೆ 155255.

ಎಡನೀರು:
ಬಾಯಾರಿನವರೇ, ಬೈಕನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ. ಪರಿವಾಹನ್ ಜಾಲತಾಣದಲ್ಲಿ 29 ಮತ್ತು 30ನೇ ನಮೂನೆಯ ಅರ್ಜಿ, ಅಪ್ಪನ ಸಹಿ ಬೇಕು. ಬೈಕು ನಿಮಗೆ ವರ್ಗವಾದ ತಾರೀಕಿನಿಂದ 14 ದಿವಸದ ಒಳಗೆ ಬೈಕಿನ ಇನ್ಶೂರೆನ್ಸ್ ಕಂಪನಿಗೂ ತಿಳಿಸಬೇಕು. ಆಗಲೇ ನಿಮ್ಮ ಹೆಸರಿನಲ್ಲಿ 15 ಲಕ್ಷದ್ದು ಹೊಸತು ಮಾಡಿಸಿ, ಅಪ್ಪನದ್ದು ನಿಮಗೆ ವರ್ಗ ಆಗುವುದಿಲ್ಲ.